ಎಡಗಡೆಯ ಹಿಂದಿನ ಬಾಗಿಲು

ಪವಾಯಿಯ ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಿ ಸೆಂಟ್ರಲ್ ಲಾಕಿನ ಗುಂಡಿ ಒತ್ತಿದೆ. ಮೂರು ಬಾಗಿಲುಗಳು ಒಟ್ಟಿಗೆ ‘ಟಕ್’ ಎಂದವು. ನಾಲ್ಕನೆಯದು, ಎಡಗಡೆಯ ಹಿಂದಿನದು, ‘ಟಿರ್ರ್’ ಎಂದು ಕ್ಷಣ ಹೊತ್ತು ಸದ್ದು ಮಾಡಿ ಸುಮ್ಮನಾಯಿತು. ಅಜ್ಜ ಕೂತಿದ್ದದ್ದು ಆ ಬಾಗಿಲಿನ ಪಕ್ಕದಲ್ಲೇ.

ಅವರು ನನ್ನ ಸ್ವಂತ ಅಜ್ಜ ಅಲ್ಲ. ಮಂಗಳವಾರ, ಗುರುವಾರ, ಶನಿವಾರ ಗೋರೆಗಾಂವಿನ ಮನೆಯಿಂದ ನನ್ನ ಗಾಡಿಯಲ್ಲಿ ಅವರನ್ನು ಡಯಾಲಿಸಿಸ್‌ಗೆ ಕರೆತಂದು ಮರಳಿ ಬಿಡುವುದು ನನ್ನ ಕೆಲಸ. ಉಡುಪಿ ಕಡೆಯವರು, ಹೋಟೆಲಿನ ಅಡುಗೆಮನೆಯಲ್ಲೇ ಆಯುಷ್ಯ ಕಳೆದವರು. ಸೊಂಟಕ್ಕೆ ರಾಡ್ ಹಾಕಿರುವುದರಿಂದ ಸೀಟಿನ ಮೇಲೆ ಅಡ್ಡ ಸರಿಯಲು ಬಾರದು. ಎಡಗೈಯಲ್ಲಿ ಡಯಾಲಿಸಿಸ್ ಸೂಜಿ ಚುಚ್ಚುವ ನರವಿದೆ, ಆ ಕೈಯನ್ನು ಹಿಡಿದು ಎಳೆಯುವಂತಿಲ್ಲ.

ಹೊರಗಿನಿಂದ ಹಿಡಿ ಎಳೆದೆ. ಒಳಗೆ ಕೈ ಹಾಕಿ ಕಿಟಕಿಯ ಅಂಚಿನಲ್ಲಿರುವ ಲಾಕಿನ ಬಟನ್ ಮೇಲೆತ್ತಲು ನೋಡಿದೆ. ಅದು ಅರ್ಧ ಬೆರಳಿನಷ್ಟೂ ಮೇಲೆ ಬರಲಿಲ್ಲ, ಒಳಗಿನಿಂದ ಯಾರೋ ಬಿಗಿಯಾಗಿ ಹಿಡಿದುಕೊಂಡ ಹಾಗಿತ್ತು. ಕೊನೆಗೆ ವಾರ್ಡಿನ ಒಬ್ಬ ಅಟೆಂಡೆಂಟ್ ಬಂದ. ನಾನು ಬಲಗಡೆಯಿಂದ ಸೀಟಿನ ಮೇಲೆ ಮಂಡಿಯೂರಿ, ಅಜ್ಜನ ಬೆನ್ನ ಹಿಂದೆ ಕೈ ಕೊಟ್ಟು, ಇಂಚು ಇಂಚಾಗಿ ಈಚೆಗೆ ಸರಿಸಿದೆ. ಕಾಲು ಗಂಟೆ ಹಿಡಿಯಿತು. ಅವರು ಒಂದು ಸಲವೂ ‘ಅಯ್ಯೋ’ ಎನ್ನಲಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಉಸಿರು ಹಿಡಿದ ಮೇಲೆ ಮಾತ್ರ ಕೇಳಿದರು:

“ಒಳಗೆ ಬೆಂಕಿ ಹಿಡಿದಿದ್ರೆ ನಾನು ಎಂಥ ಮಾಡುದು ಮಾರಾಯ್ತಿ?”

ಅದರಲ್ಲಿ ಬೈಗುಳ ಇರಲಿಲ್ಲ. ಬೆಂಕಿಯ ಪಕ್ಕದಲ್ಲೇ ಬದುಕಿದ ಮನುಷ್ಯ ತಿಳಿದುಕೊಳ್ಳಬೇಕೆಂದೇ ಕೇಳಿದ ಪ್ರಶ್ನೆ.

ಮಧ್ಯಾಹ್ನ ಅವರನ್ನು ಬಲಗಡೆಯೇ ಕೂರಿಸಿಕೊಂಡು ಮನೆಗೆ ಬಿಟ್ಟೆ. ಅಷ್ಟರಲ್ಲಿ ಸುದ್ದಿ ಏಜೆನ್ಸಿಗೆ ಮುಟ್ಟಿತ್ತು. ರೋಗಿಗಳ ಟ್ರಿಪ್ ಹಂಚುವ ಸೂಪರ್‌ವೈಸರ್ ಮುಂಬೈಯಲ್ಲೇ ಹುಟ್ಟಿದ ಹುಡುಗ. ಅಪ್ಪ ಅಮ್ಮ ಮಂಗಳೂರಿನವರು. ಅವನ ಕನ್ನಡ ನಾಲ್ಕು ಹೆಜ್ಜೆ ನಡೆದು ಹಿಂದಿಗೆ ಹೊರಳುತ್ತದೆ.

“ಅಕ್ಕಾ, ಗಾಡಿ ಆಫ್ ರೋಡ್. ಪೇಶಂಟ್ ಒಳಗೆ ಫಸ್ ಗಯಾ ಅಂದ್ರೆ ಮಜಾಕ್ ಅಲ್ಲ. ಸೋಮವಾರ ಮಾರ್ನಿಂಗ್ ರಿಪೇರಿ ಮಾಡಿ ತನ್ನಿ. ಗ್ಯಾರೇಜಿಂದು ಬಿಲ್ ಬೇಕು. ಬಿಲ್ ಇಲ್ಲ ಅಂದ್ರೆ ಟ್ರಿಪ್ ಬೇರೆಯವರಿಗೆ.”

“ಮಾಡಿಸಿ ತರ್ತೀನ್ರಿ.”

“ಆಫೀಸಲ್ಲಿ ಮೊದಲೇ ಹೇಳ್ತಾರೆ, ಲೇಡೀಸ್ ಗಾಡಿ ಓಡಿಸ್ತಾರೆ, ಮೇಂಟೇನ್ ಮಾಡೋದಿಲ್ಲ ಅಂತ.”

ಅವನು ಅದನ್ನು ಸೇರಿಸದೇ ಇದ್ದರೂ ನಡೆಯುತ್ತಿತ್ತು.

ಶುಕ್ರವಾರ ಕಾಂದಿವಲಿಯಲ್ಲಿ ನಮ್ಮ ಚಾಳಿನ ಹತ್ತಿರದ ಗ್ಯಾರೇಜಿಗೆ ಹೋದೆ. ಅಲ್ಲಿನ ಉಸ್ತಾದ್ ಬಾಗಿಲಿಗೆ ಎರಡು ಸಲ ಮುಷ್ಟಿಯಿಂದ ಗುದ್ದಿ, ಹಿಡಿ ಎಳೆದು, ತೀರ್ಪು ಕೊಟ್ಟ. ಒಳಗಿನ ಲಾಕಿನ ಮೋಟರ್ ಸತ್ತಿದೆ, ಸತ್ತು ಲಾಕನ್ನೂ ಹಿಡಿದುಕೊಂಡಿದೆ. ಮೋಟರ್ ಬದಲಿಸಲು ಬಾಗಿಲು ತೆರೆದಿರಬೇಕು, ಬಾಗಿಲು ತೆರೆಯಲು ಮೋಟರ್ ಕಳಚಬೇಕು. ಆದ್ದರಿಂದ ಬಾಗಿಲ ಒಳಮೈಯ ಪ್ಯಾಡನ್ನು ಒಡೆದೇ ತೆಗೆಯಬೇಕು. ಪ್ಯಾಡೂ ಲಾಕಿನ ಪೂರ್ತಿ ಸೆಟ್ಟೂ ತರಿಸಲು ಹತ್ತು ದಿನ.

“ನನಗೆ ಸೋಮವಾರಕ್ಕೆ ಬೇಕು,” ಎಂದು ಹಿಂದಿಯಲ್ಲಿ ಹೇಳಿದೆ.

ಅವನು ನಕ್ಕ. “ತೋ ಉಸ್ ದರ್ವಾಜೇ ಕೋ ಭೂಲ್ ಜಾವೋ ಬೆಹನ್‌ಜಿ.” ಆ ಬಾಗಿಲನ್ನು ಮರೆತುಬಿಡು ಎಂದ. ಅದರ ವೈರ್ ಕತ್ತರಿಸಿಬಿಡೋಣ, ಮೂರು ಬಾಗಿಲಲ್ಲಿ ಗಾಡಿ ಓಡುತ್ತದೆ, ಬಿಲ್ ಬೇಕಾದರೆ ಈಗಲೇ ಬರೆದುಕೊಡುತ್ತೇನೆ, ಸೂಪರ್‌ವೈಸರ್ ನೋಡುವುದು ಕಾಗದವನ್ನೇ ಹೊರತು ಬಾಗಿಲನ್ನಲ್ಲ ಎಂದ.

ಒಂದು ಕ್ಷಣ ಮನಸ್ಸು ಆ ಕಡೆ ವಾಲಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಮುಚ್ಚಿದ ಬಾಗಿಲಿನ ಪಕ್ಕದಲ್ಲಿ ಅಜ್ಜನನ್ನು ಕೂರಿಸಿಕೊಂಡು, ಜೇಬಿನಲ್ಲಿ ಬಿಲ್ ಇಟ್ಟುಕೊಂಡು ಓಡಿಸುತ್ತಿರುವ ನನ್ನನ್ನು ನೆನೆಸಿಕೊಂಡೆ. ಗಾಡಿ ತಿರುಗಿಸಿಕೊಂಡು ಬಂದೆ.

ನನಗೆ ಮೋಟರ್ ಹೊಸದಲ್ಲ. ಸ್ಟೇರಿಂಗ್ ಹಿಡಿಯುವ ಮೊದಲು ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮಿಕ್ಸರ್ ಮೋಟರ್ ಜೋಡಿಸುತ್ತಿದ್ದೆ, ಬೆಸುಗೆ ಹಾಕುತ್ತಿದ್ದೆ. ಬಾಗಿಲಿನ ಒಳಗಿರುವುದೂ ಒಂದು ಮೋಟರೇ ತಾನೆ? ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ಹೇಳಿದೆ. ಅವರು ಕಟ್ಟಡದ ಕೆಲಸದಲ್ಲಿ ಕಾಂಕ್ರೀಟ್ ಸುರಿಯುವ ಹಲಗೆಯ ಸೆಂಟ್ರಿಂಗ್ ಬಡಿಯುವವರು.

“ಗ್ಯಾರೇಜಿನಾಂವನs ಆಗೂದಿಲ್ಲ ಅಂದಾನ, ನೀ ಏನ್ ಮಾಡ್ತಿ?”

“ಅಂವ ಆಗೂದಿಲ್ಲ ಅಂದಿಲ್ಲ. ಒಡೀಬೇಕು ಅಂದಾನ. ನಾ ಒಡೀದಂಗ ತಗೀತೀನಿ.”

ಅವರು ತಟ್ಟೆ ಎತ್ತಿಕೊಂಡು ಎದ್ದರು.

ಶನಿವಾರ ಬೆಳಿಗ್ಗೆ ಚಾಳಿನ ಗಲ್ಲಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಶುರು ಮಾಡಿದೆ. ಅದೇ ಹೊತ್ತಿಗೆ ಅಜ್ಜ ಇನ್ಯಾರದೋ ಗಾಡಿಯಲ್ಲಿ ಹೋಗುತ್ತಿರುತ್ತಾರೆ ಎಂಬುದು ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಬಾಗಿಲು ಮುಚ್ಚಿಯೇ ಇದ್ದದ್ದರಿಂದ ಎಲ್ಲವನ್ನೂ ಒಳಗೆ ಕೂತೇ ಮಾಡಬೇಕು. ಮೊದಲು ಹಿಂದಿನ ಸೀಟಿನ ಮೆತ್ತೆಯನ್ನು ಮೇಲಕ್ಕೆ ಎಳೆದು ಕಿತ್ತು ಹೊರಗಿಟ್ಟೆ, ಇಲ್ಲದಿದ್ದರೆ ಪ್ಯಾಡಿನ ಕೆಳಭಾಗ ಕೈಗೆ ಸಿಗುವುದಿಲ್ಲ. ಬರಿಯ ತಗಡಿನ ಮೇಲೆ ಗೋಣಿಚೀಲ ಹಾಸಿ ಕುಕ್ಕರುಗಾಲಲ್ಲಿ ಕೂತೆ. ಗಾಜು ಇಳಿಸುವ ಹಿಡಿಕೆಯ ಹಿಂದೆ ಕುದುರೆ ಲಾಳದ ಆಕಾರದ ಒಂದು ಸಣ್ಣ ಕ್ಲಿಪ್ ಇರುತ್ತದೆ. ಹಳೆ ಬಟ್ಟೆಯ ಪಟ್ಟಿಯನ್ನು ಹಿಡಿಕೆಯ ಹಿಂದೆ ತೂರಿಸಿ ಗರಗಸದ ಹಾಗೆ ಆಚೆ ಈಚೆ ಎಳೆದರೆ ಅದು ಜಿಗಿದು ಬರುತ್ತದೆ. ಜಿಗಿದು ಬಂತು, ಬಂದದ್ದೇ ಎಲ್ಲೋ ಹಾರಿಹೋಯಿತು. ಅದನ್ನು ಹುಡುಕುವುದರಲ್ಲೇ ಅರ್ಧ ಗಂಟೆ ಕಳೆಯಿತು. ಬಾಗಿಲು ತೆಗೆಯುವ ಹಿಡಿಯ ಹಿಂದೆ ಒಂದು ಸ್ಕ್ರೂ, ಕೈ ಇಡುವ ಜಾಗದಲ್ಲಿ ಮುಚ್ಚಳದ ಕೆಳಗೆ ಎರಡು. ಲಾಕಿನ ಬಟನ್ ತಿರುಗಿಸಿ ತೆಗೆದೆ.

ಇನ್ನು ಉಳಿದದ್ದು ಪ್ಯಾಡಿನ ಸುತ್ತ ಹಿಂದಿನಿಂದ ಕಚ್ಚಿಕೊಂಡ ಪ್ಲಾಸ್ಟಿಕ್ ಗೂಟಗಳು. ಚಪ್ಪಟೆ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ ಒಂದೊಂದನ್ನೇ ಎಬ್ಬಿಸಿದೆ. ಸೀಟಿನ ಬೆನ್ನು ಮತ್ತು ಬಾಗಿಲ ಚೌಕಟ್ಟಿನ ಸಂದಿಯಲ್ಲಿದ್ದ ಎರಡು ಗೂಟಗಳು ಕಾಣಿಸುತ್ತಲೂ ಇರಲಿಲ್ಲ. ಬೆರಳಿನ ತುದಿಯಿಂದಲೇ ಹುಡುಕಿ ಎಳೆದಾಗ ಒಂದು ಮುರಿಯಿತು. ಮುರಿದದ್ದು ಗೂಟ, ಪ್ಯಾಡ್ ಅಲ್ಲ. ಕೊನೆಗೆ ಇಡೀ ಪ್ಯಾಡನ್ನು ಮೇಲಕ್ಕೆ ಎತ್ತಿ, ಓರೆ ಮಾಡಿ, ಸೀಟಿನ ಬೆನ್ನಿಗೆ ಸವರಿಕೊಂಡೇ ಈಚೆಗೆ ತಂದೆ. ಒಂದು ಗೀರೂ ಬೀಳಲಿಲ್ಲ. ಅದನ್ನು ಎತ್ತಿಕೊಂಡು ಹೋಗಿ ಉಸ್ತಾದನಿಗೆ ತೋರಿಸಿ ಬರಬೇಕೆನ್ನಿಸಿತು.

ಪ್ಯಾಡಿನ ಹಿಂದೆ ಕಪ್ಪು ಅಂಟಿನಿಂದ ಹಚ್ಚಿದ ಪ್ಲಾಸ್ಟಿಕ್ ಹಾಳೆ. ಅದನ್ನು ಒಂದು ಮೂಲೆಯಿಂದ ಸುಲಿದು, ಬಾಗಿಲ ತಗಡಿನಲ್ಲಿದ್ದ ಕಿಂಡಿಯೊಳಗೆ ಕೈ ಇಳಿಸಿದೆ. ತಗಡಿನ ಅಂಚು ಬ್ಲೇಡಿನಂತಿತ್ತು, ಮಣಿಕಟ್ಟಿನ ಹತ್ತಿರ ಕೊಯ್ಯಿತು. ಬಟ್ಟೆ ಕಟ್ಟಿಕೊಂಡು ಮತ್ತೆ ಕೈ ಹಾಕಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಮೋಟರ್ ಸಿಕ್ಕಿತು. ಅದರಿಂದ ಲಾಕಿನ ಕಡೆಗೆ ಹೋದ ಸಣ್ಣ ಕಬ್ಬಿಣದ ಕಡ್ಡಿಯೂ ಸಿಕ್ಕಿತು. ಕಡ್ಡಿಯ ತುದಿಯನ್ನು ಹಿಡಿದಿದ್ದ ಪ್ಲಾಸ್ಟಿಕ್ ಕೊಂಡಿಯನ್ನು ಕಣ್ಣಿಗೆ ಕಾಣದ ಜಾಗದಲ್ಲಿ, ಎರಡು ಬೆರಳಿನಿಂದ ತಿರುಗಿಸಿ ಬಿಡಿಸಬೇಕು. ನಾಲ್ಕು ಸಲ ಜಾರಿತು. ಐದನೆಯ ಸಲ ಕಡ್ಡಿ ಕಳಚಿಕೊಂಡಿತು. ಲಾಕಿನ ಲಿವರನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೇಲಕ್ಕೆ ತಳ್ಳಿ, ಒಳಗಿನ ಹಿಡಿ ಎಳೆದೆ.

ಬಾಗಿಲು ತೆರೆದುಕೊಂಡಿತು. ನಾನು ಅದಕ್ಕೇ ಒರಗಿ ಕೂತಿದ್ದೆನಾದ್ದರಿಂದ ಬಾಗಿಲ ಜೊತೆಗೆ ನಾನೂ ಗಲ್ಲಿಗೆ ಉರುಳಿದೆ. ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಕ್ಕರು. ಬಿದ್ದಲ್ಲೇ ಕೂತು ನಾನೂ ನಕ್ಕೆ.

ಮೋಟರನ್ನು ಹೊರತೆಗೆದು ಬಿಚ್ಚಿ ನೋಡಿದೆ. ಒಳಗಿನ ಪ್ಲಾಸ್ಟಿಕ್ ಚಕ್ರದ ಮೂರು ಹಲ್ಲು ಉದುರಿದ್ದವು. ಉದುರಿದ ಚೂರೊಂದು ಸಿಕ್ಕಿಕೊಂಡು ಇಡೀ ಲಾಕನ್ನು ಹಿಡಿದಿತ್ತು. ಗೋಧಿ ಕಾಳಿನ ಅರ್ಧದಷ್ಟು ಚೂರು ಅದು. ಅದರಿಂದಾಗಿ ಒಬ್ಬ ಮನುಷ್ಯ ಗಾಡಿಯೊಳಗೆ ಕೈದಿಯಾಗಿದ್ದ.

ಸ್ಪೇರ್ ಪಾರ್ಟ್ಸ್ ಅಂಗಡಿಯವನು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಮೆಕ್ಯಾನಿಕನನ್ನೇ ಕಳಿಸಿ ಎಂದ. ಮೆಕ್ಯಾನಿಕ್ ನಾನೇ ಎಂದೆ. ಅವನು ಕೊಟ್ಟ ಮೋಟರನ್ನು ಹಳೆಯದರ ಪಕ್ಕ ಇಟ್ಟು ನೋಡಿದರೆ ಸ್ಕ್ರೂ ತೂತುಗಳು ಉಲ್ಟಾ ಇದ್ದವು, ಅದು ಬಲಬಾಗಿಲಿನದು. “ಚಲ್ ಜಾಯೇಗಾ,” ಎಂದ. ನಡೆಯುವುದಿಲ್ಲ, ಎಡದ್ದು ಕೊಡಿ, ಬ್ಯಾಟರಿಗೆ ಹಚ್ಚಿ ಓಡಿಸಿ ತೋರಿಸಿ ಎಂದು ಕೌಂಟರಿನ ಮುಂದೆಯೇ ನಿಂತೆ. ಎಡದ್ದು ಬಂತು, ಓಡಿತು. ಆದರೆ ವೈರಿನ ತುದಿಯಲ್ಲಿ ನನ್ನ ಗಾಡಿಗೆ ಕೂಡುವ ಪ್ಲಗ್ ಇರಲಿಲ್ಲ, ಬರಿಯ ಎರಡು ವೈರ್ ಇದ್ದವು. ಅದಕ್ಕೇನಂತೆ, ಜೋಡಿಸಿಕೊಂಡರಾಯಿತು ಎಂದುಕೊಂಡೆ.

ಮಧ್ಯಾಹ್ನ ಗಾಡಿಯ ಕಡೆಯ ಪ್ಲಗ್ಗನ್ನು ಕತ್ತರಿಸಿ, ವೈರಿಗೆ ವೈರ್ ಹೆಣೆದು, ಟೇಪ್ ಸುತ್ತಿದೆ. ಗುಂಡಿ ಒತ್ತಿದರೆ ಉಳಿದ ಮೂರು ಬಾಗಿಲುಗಳು ಮುಚ್ಚಿಕೊಂಡು ಇದೊಂದು ತೆರೆದುಕೊಂಡಿತು! ಎರಡು ವೈರುಗಳನ್ನು ಅದಲು ಬದಲು ಮಾಡಿದೆ, ಸರಿಹೋಯಿತು. ಐವತ್ತು ಸಲ ಹಾಕಿ ತೆಗೆದು ನೋಡಿದೆ. ಹಾಳೆ ಅಂಟಿಸಿ, ಪ್ಯಾಡ್ ಕೂರಿಸಿ, ಸೀಟು ಹಾಕಿ, ಗಾಡಿ ಒರೆಸಿದೆ. ಆ ಸಂಜೆ ನನ್ನಷ್ಟು ಗರ್ವದ ಹೆಂಗಸು ಕಾಂದಿವಲಿಯಲ್ಲಿ ಇರಲಿಲ್ಲ.

ಇರುಳು ಮಳೆ ಹೊಯ್ಯಿತು. ಭಾನುವಾರ ಬೆಳಿಗ್ಗೆ ಗುಂಡಿ ಒತ್ತಿದೆ. ಒಂದು ಬಾಗಿಲೂ ಮಿಸುಕಲಿಲ್ಲ. ನಾಲ್ಕೂ ಸತ್ತಿದ್ದವು.

ಫ್ಯೂಸ್ ಹಾರಿತ್ತು. ಹೊಸದು ಹಾಕಿ ಗುಂಡಿ ಒತ್ತಿದ ಕೂಡಲೇ ಅದೂ ಹಾರಿತು. ಗಂಡ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ‘ನಾ ಮೊದಲs ಹೇಳಿದ್ದೆ’ ಎಂದು ಅವರು ಬಾಯಿಬಿಟ್ಟು ಹೇಳದಿದ್ದರೂ ನನಗೆ ಕೇಳಿಸಿತು. ಮತ್ತೆ ಸೀಟು, ಮತ್ತೆ ಕ್ಲಿಪ್, ಮತ್ತೆ ಪ್ಯಾಡ್. ಈ ಸಲ ಬಾಗಿಲು ತೆರೆಯುತ್ತಿತ್ತು, ಕೈಗೂ ದಾರಿ ಗೊತ್ತಿತ್ತು, ಬೇಗ ಬಿಚ್ಚಿದೆ. ಹೊಸ ಮೋಟರಿನ ವೈರ್ ಬಿಡಿಸಿ ಮೂರನೆಯ ಫ್ಯೂಸ್ ಹಾಕಿದರೆ ಉಳಿದ ಮೂರು ಬಾಗಿಲುಗಳು ಸರಿಯಾಗಿ ಕೆಲಸ ಮಾಡಿದವು. ಅಂದರೆ ತಪ್ಪು ಈ ಬಾಗಿಲಿನದೇ. ನನ್ನ ಟೇಪ್ ಸುತ್ತಿದ ಜೋಡಣೆಯನ್ನು ಮುಟ್ಟಿದೆ. ತೊಟ್ಟಿಕ್ಕುವಷ್ಟು ಒದ್ದೆಯಾಗಿತ್ತು.

“ರೀ, ಒಂದು ಕೊಡ ನೀರು ತರ್ರಿ. ಗಾಜಿನ ಮ್ಯಾಲ ಹುಯ್ರಿ, ಸಾವಕಾಶ.”

ಅವರು ಹೊರಗಿನಿಂದ ಚೊಂಬಿನಲ್ಲಿ ನೀರು ಹುಯ್ದರು. ನಾನು ಒಳಗೆ ಕೂತು ಕಿಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಗಾಜಿನ ಹೊರ ಅಂಚಿನ ರಬ್ಬರ್ ಪಟ್ಟಿ ಒಂದು ಕಡೆ ಒಣಗಿ ಬಿರಿದಿತ್ತು. ಅಲ್ಲಿಂದ ಒಳಗಿಳಿದ ನೀರು ಒಂದೇ ಎಳೆಯಾಗಿ ಮೋಟರಿನ ನೆತ್ತಿಗೆ ಬೀಳುತ್ತಿತ್ತು, ಅಲ್ಲಿಂದ ಸೀದಾ ನನ್ನ ಜೋಡಣೆಗೆ.

ಹಳೆಯ ಮೋಟರನ್ನು ತಂದು ಮತ್ತೆ ನೋಡಿದೆ. ಅದರ ನೆತ್ತಿಯಿಂದ ಪಕ್ಕಕ್ಕೆ ಕಂದು ಬಣ್ಣದ ತುಕ್ಕಿನ ಗೆರೆ ಇಳಿದಿತ್ತು. ಹಲವು ಮಳೆಗಾಲದ ಗೆರೆ ಅದು. ನಿನ್ನೆ ಹಲ್ಲು ಎಣಿಸುವ ಉತ್ಸಾಹದಲ್ಲಿ ನಾನು ಅದರತ್ತ ನೋಡಿಯೇ ಇರಲಿಲ್ಲ. ಅದರ ಪ್ಲಗ್ ಕೆಳಮುಖವಾಗಿತ್ತು, ಸುತ್ತ ರಬ್ಬರ್ ಟೋಪಿ ಇತ್ತು. ಹಾಗಾಗಿ ಇಷ್ಟು ವರ್ಷ ತಡೆದಿತ್ತು. ನಾನು ಅದು ಕೂಡುತ್ತಿದ್ದ ಗಾಡಿಯ ಕಡೆಯ ಪ್ಲಗ್ಗನ್ನೇ ಕತ್ತರಿಸಿ, ಜೋಡಣೆಯನ್ನು ಮೇಲ್ಮುಖವಾಗಿ ಬಿಟ್ಟಿದ್ದೆ. ಹಳೆಯದನ್ನು ತುಕ್ಕು ಹಿಡಿಸಿ, ಹಲ್ಲು ಮುರಿಸಿ ಕೊಂದದ್ದು ನೀರು. ಹೊಸದನ್ನು ಒಂದೇ ರಾತ್ರಿಯಲ್ಲಿ ಮಲಗಿಸಿದ್ದು ನನ್ನ ಅವಸರ.

ಭಾನುವಾರ ಸ್ಪೇರ್ ಅಂಗಡಿ ತೆರೆಯುವುದಿಲ್ಲ. ವೈರ್ ಒರೆಸಿ, ಹೊಸ ಟೇಪ್ ಸುತ್ತಿ ಸೋಮವಾರ ಬೆಳಿಗ್ಗೆ ಹಾಜರಾದರೆ ಬಾಗಿಲು ಖಂಡಿತ ತೆರೆಯುತ್ತಿತ್ತು. ಬಿಲ್ಲಿಗೆ ಉಸ್ತಾದ್ ಇದ್ದೇ ಇದ್ದ. ಒಂದು ವಾರವೋ ಹತ್ತು ದಿನವೋ ನಡೆಯುತ್ತಿತ್ತು, ಆಮೇಲೆ ಜೋರು ಮಳೆ ಬಂದ ದಿನ ಯಾರಾದರೊಬ್ಬರು ಒಳಗೆ ಸಿಕ್ಕಿಕೊಳ್ಳುತ್ತಿದ್ದರು. ಸೀಟಿಲ್ಲದ ಗಾಡಿಯೊಳಗೆ ಗೋಣಿಚೀಲದ ಮೇಲೆ ಕೂತೇ ಸೂಪರ್‌ವೈಸರನಿಗೆ ಫೋನ್ ಮಾಡಿದೆ.

“ನಾಳೆ ತರೂದಿಲ್ಲರಿ. ಮಂಗಳವಾರ ತರ್ತೀನಿ.”

“ಅಕ್ಕಾ, ಸೋಮವಾರ ಬೋಲಾ ಥಾ ನಾ. ಕೆಲಸ ಆಗಿಲ್ಲವಾ?”

“ಆಗೇತಿ. ಆದ್ರ ನೀರು ಬಿದ್ರ ಕೆಡತೈತಿ. ಕೆಡದಂಗ ಮಾಡಿ ತರ್ತೀನಿ.”

“ಅಷ್ಟೆಲ್ಲ ಯಾರು ನೋಡ್ತಾರೆ? ನೀವು ನಾಳೆ ಬರ್ಲಿಲ್ಲ ಅಂದ್ರೆ ಅಜ್ಜಂದು ಟ್ರಿಪ್ ಪರ್ಮನೆಂಟ್ ಬೇರೆ ಗಾಡಿಗೆ.”

“ಕೊಡ್ರಿ. ಯಾರು ನೋಡ್ತಾರ ಅಂದ್ರಲ್ಲಾ, ನಾ ನೋಡ್ತೀನಿ, ಅದಕ್ಕ ಬರೂದಿಲ್ಲ.”

ಫೋನ್ ಇಟ್ಟೆ. ಅಜ್ಜ ಎಂದರೆ ವಾರದ ಮೂರು ದಿನದ ಕೆಲಸ. ಗಂಡ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. “ಇನ್ನೊಂದು ಕೊಡ ತರ್ಲೇನು?” ಎಂದಷ್ಟೇ ಕೇಳಿದರು.

ಸೋಮವಾರ ರಬ್ಬರ್ ಪಟ್ಟಿ ತಂದು ಹಳೆಯದರ ಜಾಗದಲ್ಲಿ ಕೂರಿಸಿದೆ. ಹಳೆ ಮೋಟರಿನ ಪ್ಲಗ್ಗನ್ನು ವೈರ್ ಸಮೇತ ಕತ್ತರಿಸಿ ಹೊಸ ಮೋಟರಿಗೆ ಬೆಸುಗೆ ಹಾಕಿದೆ. ಗಾಡಿಯ ಕಡೆ ಕತ್ತರಿಸಿದ್ದನ್ನೂ ಬೆಸುಗೆಯಿಂದಲೇ ಕೂಡಿಸಿದೆ. ಪ್ರತಿ ಬೆಸುಗೆಯ ಮೇಲೆ ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ ಏರಿಸಿದೆ. ಪ್ಲಗ್ಗನ್ನು ರಬ್ಬರ್ ಟೋಪಿಯೊಡನೆ ಕೆಳಮುಖ ಮಾಡಿ, ವೈರನ್ನು ಒಂದು ಸುತ್ತು ಕೆಳಗಿಳಿಸಿ ಮೇಲಕ್ಕೆ ಒಯ್ದೆ. ಹಾಗೆ ಮಾಡಿದರೆ ವೈರಿನ ಮೇಲೆ ಹರಿದ ಹನಿ ಬಾಗಿದ ಜಾಗದಲ್ಲೇ ಕೆಳಗೆ ಬೀಳುತ್ತದೆ, ಪ್ಲಗ್ಗಿನ ಒಳಗೆ ಹೋಗುವುದಿಲ್ಲ. ಮೋಟರಿನ ನೆತ್ತಿಯ ಮೇಲೆ ದಪ್ಪ ಪ್ಲಾಸ್ಟಿಕ್ಕಿನ ಒಂದು ತುಂಡನ್ನು ಸೂರಿನಂತೆ ಇಳಿಜಾರಾಗಿ ಅಂಟಿಸಿದೆ. ಇಳಿಜಾರು ಎಷ್ಟಿರಬೇಕು ಎಂದು ಹೇಳಿಕೊಟ್ಟವರು ಗಂಡ, ಸೂರಿನ ಲೆಕ್ಕ ಅವರಿಗೆ ಗೊತ್ತು. ಬಾಗಿಲ ತಳದ ನೀರು ಹೋಗುವ ತೂತುಗಳಲ್ಲಿ ಕೆಸರು ಗಟ್ಟಿಯಾಗಿತ್ತು. ತಂತಿ ಹಾಕಿ ಕೆದಕಿದಾಗ ಒಂದು ಲೋಟದಷ್ಟು ಕಪ್ಪು ನೀರು ಇಳಿಯಿತು.

ಆಮೇಲೆ ಎಂಟು ಕೊಡ ನೀರು ಹುಯ್ದೆವು. ಪ್ರತಿ ಕೊಡ ಖಾಲಿಯಾದ ಮೇಲೂ ಲಾಕ್ ಹಾಕಿ ತೆಗೆದು, ಕೈಯಿಂದ ಬಟನ್ ಎತ್ತಿ ಇಳಿಸಿ ನೋಡಿದೆ. ನಲ್ಲಿಯ ಹೆಂಗಸರು ಈಗ ನಗಲಿಲ್ಲ, ಕೊಡ ತುಂಬಿ ತುಂಬಿ ಕೊಟ್ಟರು.

ಮಂಗಳವಾರ ಗೋರೆಗಾಂವಿನ ಆಫೀಸಿನ ಮುಂದೆ ಗಾಡಿ ನಿಲ್ಲಿಸಿದೆ. ಸೂಪರ್‌ವೈಸರ್ ಕೈ ಚಾಚಿದ. “ಬಿಲ್?”

“ಇಲ್ಲ. ಕೆಲಸ ನಾನs ಮಾಡೀನಿ.”

“ಅಕ್ಕಾ, ರೂಲ್ ಇದೆ. ಬಿನಾ ಬಿಲ್ ನಾನು ಹೇಗೆ ಗಾಡಿ ಬಿಡೋದು?”

“ಬಿಲ್ ಶುಕ್ರವಾರನs ಸಿಗ್ತಿತ್ತು, ಬಾಗಿಲಾ ಮುಟ್ಟದನs. ಅದು ಬೇಕೇನು ನಿಮಗ? ಒಳಗ ಕುಂದರ್ರಿ.”

ಅವನು ಅನುಮಾನಿಸುತ್ತಲೇ ಹಿಂದಿನ ಎಡ ಸೀಟಿನಲ್ಲಿ ಕೂತ. ಲಾಕ್ ಹಾಕಿದೆ. ಆಫೀಸಿನ ಬಕೆಟ್ ಎತ್ತಿ ಇಡೀ ನೀರನ್ನು ಅವನ ಪಕ್ಕದ ಗಾಜಿನ ಮೇಲೆ ಸುರಿದೆ. ಅವನು ಬೆಚ್ಚಿ ಹಿಂದೆ ಸರಿದ. ಎದುರಿನ ಚಹಾ ಅಂಗಡಿಯಲ್ಲಿ ನಿಂತಿದ್ದ ಡ್ರೈವರುಗಳೆಲ್ಲ ಈ ಕಡೆ ತಿರುಗಿದರು.

“ಈಗ ಬೆಂಕಿ ಬಿದ್ದೈತಿ ಅನ್ಕೋರಿ. ಹೊರಗ ಬರ್ರಿ.”

ಅವನು ಬಟನ್ ಎತ್ತಿ, ಹಿಡಿ ಎಳೆದು ಹೊರಬಂದ. ಮತ್ತೆ ಕೂರಿಸಿದೆ. ಈ ಸಲ ನಾನು ಗುಂಡಿ ಒತ್ತಿ ತೆಗೆದೆ. ಮೂರನೆಯ ಸಲಕ್ಕೆ ಅವನೇ, “ಬಸ್, ಬಸ್,” ಎಂದ. ಒಳಗೆ ಹೋಗಿ ಗಾಡಿಯ ತಪಾಸಣೆಯ ಫಾರ್ಮ್ ತಂದ. ಗ್ಯಾರೇಜಿನ ಹೆಸರು ಬರೆಯುವ ಜಾಗದಲ್ಲಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಪೆನ್ನು ತೆಗೆದುಕೊಂಡು ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ.

“ಆಫೀಸಲ್ಲಿ ಮೇಲಿನವ್ರು ಕೇಳಿದ್ರೆ?”

“ನನ್ನ ಕರೀರಿ. ಬಂದು ಬಿಚ್ಚಿ ತೋರಸ್ತೀನಿ.”

ಯಾರೂ ಕರೆಯಲಿಲ್ಲ. ಗಾಡಿ ರಸ್ತೆಗೆ ಬಂತು. ಆದರೆ ಅಜ್ಜನ ಟ್ರಿಪ್ ಆಗಲೇ ಬೇರೆಯವರ ಪಾಲಾಗಿತ್ತು. ಸೂಪರ್‌ವೈಸರ್ ಹೇಳಿದಂತೆಯೇ ಮಾಡಿದ್ದ. ನನಗೆ ಚೂರುಪಾರು ಟ್ರಿಪ್ಪುಗಳು ಸಿಕ್ಕವು. ಆ ನಿರ್ಧಾರದ ಬೆಲೆ ಅದು, ಅದರ ಬಗ್ಗೆ ನಾನು ಯಾರ ಹತ್ತಿರವೂ ಗೊಣಗಲಿಲ್ಲ. ಮೂರು ವಾರವಾದ ಮೇಲೆ ಅಜ್ಜನೇ ಫೋನ್ ಮಾಡಿದರು.

“ಆ ಬಾಗಿಲು ಸರಿ ಆಯ್ತಂತೆ, ಹೌದಾ?”

“ಹೌದ್ರಿ ಅಜ್ಜಾರ.”

“ನೀನೇ ಮಾಡಿದ್ದಂತೆ?”

“ಹೌದ್ರಿ.”

“ಹಾಗಾದ್ರೆ ನಾನು ಆಫೀಸಿಗೆ ಹೇಳ್ತೇನೆ. ಈ ಗಾಡಿಯವನಿಗೆ ಕೇಳಿದೆ, ಬೆಂಕಿ ಹಿಡಿದ್ರೆ ಎಂಥ ಮಾಡುದು ಅಂತ. ಅವನು ನಗಾಡಿದ.”

ಮುಂದಿನ ಗುರುವಾರ ಅವರನ್ನು ಎಡಗಡೆಯೇ ಕೂರಿಸಿಕೊಂಡು ಹೊರಟೆ. ಲಿಂಕ್ ರೋಡ್ ಉದ್ದಕ್ಕೂ ಮಳೆ. ಆಸ್ಪತ್ರೆಯ ಮುಂದೆ ನಿಲ್ಲಿಸಿ ನಾನು ಇಳಿಯಲು ಹೊರಟಾಗ ಅವರು ಹಿಂದಿನಿಂದ ತಡೆದರು.

“ನೀನು ಕೂತುಕೋ. ಗುಂಡಿ ಒತ್ತುದು ಬೇಡ. ನಾನು ತೆಗೀತೇನೆ.”

ಕೂತೆ. ಅವರು ಬಲಗೈಯನ್ನು ಎದೆಯ ಮೇಲಿಂದ ಅಡ್ಡ ತಂದು ಬಟನ್ ಹುಡುಕಿದರು. ಬೆರಳು ಒಮ್ಮೆ ಜಾರಿತು. ಹಿಂದೆ ಒಂದು ಕಾರು ಹಾರ್ನ್ ಹೊಡೆಯಿತು, ಅದರ ಹಿಂದೆ ಆಂಬ್ಯುಲೆನ್ಸ್ ಇದೆಯೇ ಎಂದು ನೋಡಿದೆ, ಇನ್ನೊಂದು ಕಾರು ಅಷ್ಟೇ. ಸೆಕ್ಯುರಿಟಿಯವನು ಸೀಟಿ ಊದುತ್ತ ಬಂದು ಬಾನೆಟ್ ತಟ್ಟಿ, ಮುಂದೆ ತೆಗಿ ಎಂದು ಕೈ ಬೀಸಿದ. ಕನ್ನಡಿಯಲ್ಲಿ ಅಜ್ಜನ ಬೆರಳು ಮತ್ತೆ ಬಟನ್ನಿಗೆ ತಾಗುವುದು ಕಾಣುತ್ತಿತ್ತು.

ನಾನು ಎಂಜಿನ್ ಆಫ್ ಮಾಡಿ, ಕೀಲಿಯನ್ನು ಕೈಯಲ್ಲಿ ಹಿಡಿದು ಕೂತೆ.